ಕೈ ಥ್ರಾಟಲ್ ನಿಲ್ಲದಿದ್ದಾಗ: 1930ರ ಫೋರ್ಡ್ ಮಾಡೆಲ್ ಎ ಗಾಡಿಯ ದುರಸ್ತಿ

ಸಂಕ್ರಾಂತಿ ಕಳೆದ ವಾರ ಬೆಳಗಿನ ಜಾವ ಗಾಡಿಯನ್ನು ಶುರು ಮಾಡಿ, ಇಂಜಿನ್ ಬಿಸಿಯಾಗಲೆಂದು ಇಂಜಿನ್ನಿನ ವೇಗವನ್ನು ಕೈಯಿಂದಲೇ ಏರಿಸಿ ಇಳಿಸುವ ಕೈ ಥ್ರಾಟಲಿನ ಲಿವರನ್ನು ಅದರ ಹಲ್ಲಿನ ಪಟ್ಟಿಯಲ್ಲಿ ನಾಲ್ಕು ಹಲ್ಲು ಕೆಳಗೆ ಎಳೆದಿಟ್ಟು, ಗೇಟು ತೆರೆಯಲು ಇಳಿದು ಹೋದೆ. ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಇಂಜಿನ್ನಿನ ಸದ್ದು ಇಳಿಯುತ್ತ ಬಂದು ನಿಂತೇಹೋಯಿತು. ಹಿಂದಿರುಗಿ ನೋಡಿದರೆ ಲಿವರ್ ತಾನಾಗಿಯೇ ಮೇಲಕ್ಕೆ ಸರಿದು ಪೂರ್ತಿ ಮುಚ್ಚಿದ ಸ್ಥಾನದಲ್ಲಿ ಕುಳಿತಿತ್ತು. ಅಷ್ಟಕ್ಕೂ ಇದು ಅಂದೇ ಹುಟ್ಟಿದ ದೋಷವಲ್ಲ. ಎರಡು ವರ್ಷಗಳಿಂದ ಲಿವರ್ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತ ಬಂದಿತ್ತು. ನಾನು ಎಡಗೈಯಿಂದ ಅದನ್ನು ಹಿಡಿದುಕೊಂಡೇ ಇಂಜಿನ್ ಬಿಸಿ ಮಾಡುವ ಅಭ್ಯಾಸಕ್ಕೆ ಬಿದ್ದಿದ್ದೆ. ಆ ದಿನ ಮಾತ್ರ, ಇನ್ನು ಇದನ್ನು ಮುಂದೂಡುವಂತಿಲ್ಲ ಎಂದು ನಿರ್ಧರಿಸಿದೆ. ಮುಂದೆ ಬರೆದಿರುವುದು ಆ ಕೆಲಸದ ಏಳು ವಾರಗಳ ವಿವರ.

ಗಾಡಿ ನಮ್ಮ ಅಜ್ಜನ ಕಾಲದ್ದು. ಕಲಬುರಗಿ ಇನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಮನೆಗೆ ಬಂದ, ನಾಲ್ಕು ಬಾಗಿಲಿನ, ಬಟ್ಟೆಯ ಮಾಡಿನ ಫೈಟನ್. ಫೋರ್ಡ್ ಕಂಪನಿ ಮಾಡೆಲ್ ಟಿ ನಿಲ್ಲಿಸಿ 1927ರ ಕೊನೆಯಲ್ಲಿ ಹೊರತಂದ ಮಾಡೆಲ್ ಎ ಇದು. ನಾಲ್ಕು ಸಿಲಿಂಡರು, ಸುಮಾರು 3.3 ಲೀಟರ್ ಗಾತ್ರ, 2200 ಸುತ್ತಿನಲ್ಲಿ 40 ಅಶ್ವಶಕ್ತಿ. ಫೋರ್ಡ್ ಕೆನಡಾದ ಅಂಗಸಂಸ್ಥೆಯೊಂದು 1926ರಿಂದಲೇ ಭಾರತದಲ್ಲಿ ವ್ಯವಹಾರ ನಡೆಸುತ್ತಿದ್ದುದರಿಂದ ಬಲಗೈ ಸ್ಟೀರಿಂಗಿನ ಇಂಥ ಗಾಡಿಗಳು ನಮ್ಮ ಕಡೆಯ ವಕೀಲರ, ಜಾಗೀರುದಾರರ ಮನೆಗಳಿಗೂ ತಲುಪಿದ್ದವು.

ಈಗಿನ ಓದುಗರಿಗೆ ಕೈ ಥ್ರಾಟಲ್ ಏಕೆ ಬೇಕು ಎಂಬ ಪ್ರಶ್ನೆ ಬರುವುದು ಸಹಜ. ಮಾಡೆಲ್ ಟಿ ಗಾಡಿಯಲ್ಲಿ ಕಾಲಿಗೆ ಎಕ್ಸಲರೇಟರ್ ಇರಲೇ ಇಲ್ಲ. ಅಲ್ಲಿದ್ದ ಮೂರು ಪೆಡಲುಗಳು ಗೇರಿಗೆ, ಹಿಮ್ಮುಖ ಚಲನೆಗೆ ಮತ್ತು ಬ್ರೇಕಿಗೆ ಮೀಸಲಾಗಿದ್ದು, ವೇಗವೆಲ್ಲ ಕೈಯಲ್ಲೇ ಇತ್ತು. ಮಾಡೆಲ್ ಎ ಗಾಡಿಗೆ ಕಾಲಿನ ಪೆಡಲು ಬಂದರೂ ಸ್ಟೀರಿಂಗ್ ಚಕ್ರದ ಅಡಿಯ ಎರಡು ಲಿವರುಗಳು ಹಾಗೆಯೇ ಉಳಿದವು. ಒಂದು ಥ್ರಾಟಲಿನದು, ಇನ್ನೊಂದು ಸ್ಪಾರ್ಕ್ ಬೀಳುವ ಸಮಯವನ್ನು ಹಿಂದೆ ಮುಂದೆ ಮಾಡುವುದು. ಶುರು ಮಾಡುವಾಗ ಸ್ಪಾರ್ಕ್ ಲಿವರ್ ಪೂರ್ತಿ ಮೇಲೆ, ಅಂದರೆ ತಡವಾದ ಸ್ಥಾನದಲ್ಲಿರಬೇಕು. ಥ್ರಾಟಲ್ ಲಿವರ್ ಮೂರು ನಾಲ್ಕು ಹಲ್ಲು ಕೆಳಗಿರಬೇಕು. ಬಲಗಾಲು ಸ್ಟಾರ್ಟರಿನ ಗುಂಡಿಯ ಮೇಲೆ, ಒಂದು ಕೈ ಚೋಕಿನ ಮೇಲೆ ಇರುವಾಗ ಥ್ರಾಟಲನ್ನು ಹಿಡಿದು ನಿಲ್ಲಿಸಲು ಆ ಲಿವರ್ ಒಂದೇ ಆಧಾರ. ಅದು ನಿಲ್ಲದಿದ್ದರೆ ಗಾಡಿಯನ್ನು ಒಬ್ಬರೇ ಶುರು ಮಾಡುವುದು ಪ್ರತಿದಿನದ ಹೋರಾಟವಾಗುತ್ತದೆ.

ರಚನೆಯನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಲಿವರಿನಿಂದ ಒಂದು ಉದ್ದನೆಯ ಸರಳು ಸ್ಟೀರಿಂಗ್ ಕಂಬದ ಉದ್ದಕ್ಕೂ ಕೆಳಗಿಳಿಯುತ್ತದೆ. ಮೇಲ್ತುದಿಯಲ್ಲಿ ಅದು ಕ್ವಾಡ್ರಂಟ್ ಎಂಬ ಅರ್ಧಚಂದ್ರಾಕಾರದ ಹಲ್ಲಿನ ಪಟ್ಟಿಯ ತೂತಿನೊಳಗಿಂದ ಹಾದುಬರುತ್ತದೆ. ಲಿವರಿನ ತಳ ಆ ಹಲ್ಲುಗಳ ಮೇಲೆ ಕುಳಿತಿರುತ್ತದೆ. ಕೆಳತುದಿಯಲ್ಲಿ ಒಂದು ಒತ್ತು ಸ್ಪ್ರಿಂಗು, ಅದನ್ನು ತಡೆಯುವ ವಾಷರು, ಪಿನ್ನು. ಆ ಸ್ಪ್ರಿಂಗು ಸರಳನ್ನು ಸದಾ ಕೆಳಕ್ಕೆ ಜಗ್ಗುವುದರಿಂದಲೇ ಮೇಲೆ ಲಿವರ್ ಹಲ್ಲಿಗೆ ಒತ್ತಿಕೊಂಡು ನಿಲ್ಲುತ್ತದೆ. ಸರಳಿನ ಕೆಳಗಿರುವ ಸಣ್ಣ ತೋಳಿನಿಂದ ಗುಂಡಿನ ಕೀಲುಳ್ಳ ಕಡ್ಡಿಗಳ ಮೂಲಕ ಚಲನೆ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್ನಿಗೆ ಕಳಿಸುವ ಕಾರ್ಬ್ಯುರೇಟರಿಗೆ ತಲುಪುತ್ತದೆ. ಕಾಲಿನ ಪೆಡಲನ್ನು ಹಿಂದಕ್ಕೆ ತರುವ ಸ್ಪ್ರಿಂಗು ಈ ಕಡ್ಡಿಗಳನ್ನೂ ಮುಚ್ಚುವ ಕಡೆಗೇ ಎಳೆಯುತ್ತಿರುತ್ತದೆ. ಹೀಗಾಗಿ ಲಿವರನ್ನು ಅರ್ಧಕ್ಕೆ ಇಟ್ಟಾಗಲೆಲ್ಲ ಎರಡು ಸ್ಪ್ರಿಂಗುಗಳ ನಡುವೆ ಜಗ್ಗಾಟ ನಡೆದೇ ಇರುತ್ತದೆ: ಒಂದು ಲಿವರನ್ನು ಹಲ್ಲಿನಲ್ಲಿ ಹಿಡಿಯುವುದು, ಇನ್ನೊಂದು ಅದನ್ನು ಬಿಡಿಸಲು ಎಳೆಯುವುದು.

ಹಳೆಯ ಗಾಡಿಯ ಲಿವರ್ ಸಡಿಲವಾಗಿದೆ ಎಂದಾಗ ಸಾಮಾನ್ಯವಾಗಿ ಎರಡು ಬೇರೆ ಬೇರೆ ದೋಷಗಳನ್ನು ಒಂದೇ ಹೆಸರಿನಿಂದ ಕರೆಯುತ್ತೇವೆ. ಲಿವರ್ ಇಟ್ಟಲ್ಲಿ ನಿಲ್ಲದಿರುವುದು ಒಂದು. ಲಿವರ್ ಅಲುಗಾಡಿದರೂ ಕಾರ್ಬ್ಯುರೇಟರ್ ಅಲುಗಾಡದಿರುವುದು ಇನ್ನೊಂದು. ಇದನ್ನು ಮಿಸ್ತ್ರಿಗಳು ಆಟ ಅಥವಾ ಪ್ಲೇ ಎನ್ನುತ್ತಾರೆ. ಮೊದಲನೆಯದು ಹಿಡಿತದ ಕೊರತೆ, ಎರಡನೆಯದು ಸವೆತದ ಮೊತ್ತ. ಕೆಳಗಿನ ಸ್ಪ್ರಿಂಗನ್ನು ಎಷ್ಟು ಬಿಗಿ ಮಾಡಿದರೂ ಎರಡನೆಯದು ಹೋಗುವುದಿಲ್ಲ. ಕೀಲುಗಳನ್ನೆಲ್ಲ ಹೊಸದು ಮಾಡಿದರೂ ಮೊದಲನೆಯದು ಹೋಗುವುದಿಲ್ಲ. ನನ್ನ ಗಾಡಿಯಲ್ಲಿ ಎರಡೂ ಇದ್ದವು. ಹಿಂದೊಮ್ಮೆ ಊರಿನ ಗ್ಯಾರೇಜೊಂದರಲ್ಲಿ ಇದನ್ನು ತೋರಿಸಿದಾಗ ಅವರು ಸ್ಪ್ರಿಂಗಿನ ಕೆಳಗೆ ಎರಡು ದಪ್ಪ ವಾಷರ್ ಸೇರಿಸಿ ಕೊಟ್ಟಿದ್ದರು. ಒಂದು ತಿಂಗಳು ಲಿವರ್ ಕಲ್ಲಿನಂತೆ ಗಟ್ಟಿಯಾಗಿತ್ತು, ಆಮೇಲೆ ಮೊದಲಿಗಿಂತ ಸಡಿಲವಾಯಿತು. ಏಕೆ ಹಾಗಾಯಿತೆಂಬುದು ಬಿಚ್ಚಿದ ಮೇಲೆ ಗೊತ್ತಾಯಿತು.

ಪಾನಾ ಹಿಡಿಯುವ ಮೊದಲು ಅಳತೆ ತೆಗೆದುಕೊಂಡೆ. ಅದಕ್ಕೆ ಬೇಕಾದದ್ದು ಸಾಮಾನು ತೂಗುವ ಕೊಕ್ಕೆಯ ತಕ್ಕಡಿ, ಒಂದು ಸ್ಕೇಲು, ಒಂದು ಸುಣ್ಣದ ಕಡ್ಡಿ ಮಾತ್ರ. ಕೆಳಗಿನ ಕಡ್ಡಿಯನ್ನು ಕಳಚಿ, ಲಿವರಿನ ತುದಿಗೆ ತಕ್ಕಡಿಯ ಕೊಕ್ಕೆ ಹಾಕಿ ಎಳೆದಾಗ ಅದು 180 ಗ್ರಾಮಿಗೇ ಒಂದು ಹಲ್ಲು ದಾಟಿತು. ಕಡ್ಡಿಯನ್ನು ಮತ್ತೆ ಜೋಡಿಸಿ, ಪೆಡಲಿನ ಸ್ಪ್ರಿಂಗು ಲಿವರಿನ ತುದಿಯಲ್ಲಿ ಎಷ್ಟು ಎಳೆಯುತ್ತದೆ ಎಂದು ನೋಡಿದರೆ ಸುಮಾರು 380 ಗ್ರಾಮು. ಹಿಡಿಯುವ ಬಲ ಎಳೆಯುವ ಬಲದ ಅರ್ಧದಷ್ಟೂ ಇಲ್ಲದಿರುವಾಗ ಲಿವರ್ ನಿಲ್ಲಲು ಸಾಧ್ಯವೇ ಇರಲಿಲ್ಲ; ಇಷ್ಟು ದಿನ ಅದನ್ನು ನಿಲ್ಲಿಸಿದ್ದು ಒಣಗಿದ ಗ್ರೀಸಿನ ಅಂಟು. ಇಂಜಿನ್ನಿನ ಅದಿರಾಟವನ್ನೂ ಲೆಕ್ಕಕ್ಕೆ ಹಿಡಿದು, ಎಳೆಯುವ ಬಲದ ಎರಡೂವರೆ ಪಟ್ಟು, ಅಂದರೆ 950 ಗ್ರಾಮಿನ ಆಸುಪಾಸು ಹಿಡಿತವಿರಬೇಕೆಂದು ಗುರಿ ಇಟ್ಟುಕೊಂಡೆ. ಅದಕ್ಕಿಂತ ತೀರ ಹೆಚ್ಚಾದರೆ ಅವಸರದಲ್ಲಿ ಬೆರಳಿನಿಂದ ಮುಚ್ಚಲು ಆಗದು, ಅದು ಸಡಿಲಕ್ಕಿಂತ ಅಪಾಯ. ಇನ್ನು ಆಟದ ಅಳತೆ. ಅಣ್ಣನ ಮಗಳು ಬಾನೆಟ್ಟಿನ ಕಡೆ ನಿಂತು ಕಾರ್ಬ್ಯುರೇಟರಿನ ಶಾಫ್ಟನ್ನು ನೋಡುತ್ತಿರಲು, ನಾನು ಲಿವರನ್ನು ನಿಧಾನವಾಗಿ ಎಳೆದೆ. "ಕಾಕಾ, ಈಗ ಅಳ್ಳಾಡ್ತು ನೋಡ್ರಿ" ಎಂದು ಅವಳು ಕೂಗುವಷ್ಟರಲ್ಲಿ ಲಿವರಿನ ತುದಿ 14 ಮಿಲಿಮೀಟರ್ ಸರಿದಿತ್ತು. ಅಷ್ಟು ದೂರ ಲಿವರ್ ಸುಮ್ಮನೆ ಅಲೆಯುತ್ತಿತ್ತು.

ಬಿಚ್ಚುವಾಗ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮಾಡೆಲ್ ಎ ಗಾಡಿಯ ಪೆಟ್ರೋಲ್ ಟ್ಯಾಂಕು ಹಿಂದೆಲ್ಲೋ ಇರುವುದಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ, ಚಾಲಕನ ಮೊಣಕಾಲಿನ ಮೇಲೆಯೇ ಇರುತ್ತದೆ, ಅಲ್ಲಿಂದ ಪೆಟ್ರೋಲು ತನ್ನ ಭಾರದಿಂದಲೇ ಕಾರ್ಬ್ಯುರೇಟರಿಗೆ ಇಳಿಯುತ್ತದೆ. ಸ್ಟೀರಿಂಗ್ ಕಂಬದ ತಳದಲ್ಲಿ ದೀಪಗಳ ಸ್ವಿಚ್ಚಿದ್ದು ಅದರ ತಂತಿಗಳೂ ಅಲ್ಲೇ ಇವೆ. ಆದ್ದರಿಂದ ಮೊದಲು ಪೆಟ್ರೋಲಿನ ಕವಾಟ ಮುಚ್ಚಿ, ಬ್ಯಾಟರಿಯ ಅರ್ಥಿಂಗ್ ಪಟ್ಟಿಯನ್ನು ಕಳಚಿದೆ. ಈ ಗಾಡಿಗಳಲ್ಲಿ ವಿದ್ಯುತ್ತು 6 ವೋಲ್ಟಿನದು, ಮೇಲಾಗಿ ಬಾಡಿಗೆ ಜೋಡಿಸಿರುವುದು ಪ್ಲಸ್ ತುದಿ. ಈಗಿನ ಗಾಡಿಗಳ ರೂಢಿಯಲ್ಲಿ ಮೈನಸ್ ತುದಿಯನ್ನು ಹುಡುಕಿ ಬಿಚ್ಚಿದರೆ, ಪಾನಾ ಬಾಡಿಗೆ ತಾಗಿದಾಗ ಕಿಡಿ ಹಾರುತ್ತದೆ.

ಸ್ಟೀರಿಂಗ್ ಚಕ್ರ ತೆಗೆಯದೆ ಸರಳನ್ನು ಮೇಲಕ್ಕೆ ಎಳೆದುಕೊಳ್ಳಬಹುದೆಂದು ಮೊದಲ ಸಂಜೆಯನ್ನೆಲ್ಲ ಪ್ರಯತ್ನದಲ್ಲೇ ಕಳೆದೆ, ಆಗಲಿಲ್ಲ. ಮರುದಿನ ಹಾರ್ನ್ ಗುಂಡಿಯ ಸರಳನ್ನು ಕಳಚಿ, ಚಕ್ರದ ನಟ್ಟು ಬಿಚ್ಚಿ, ಚಕ್ರವನ್ನು ಶಾಫ್ಟಿನಿಂದ ಎಳೆದು ತೆಗೆಯುವ ಪುಲ್ಲರ್ ಹಾಕಿದೆ. ಸ್ಟೀರಿಂಗ್ ಶಾಫ್ಟು ಒಳಗೆ ಟೊಳ್ಳಾಗಿದ್ದು ಪುಲ್ಲರಿನ ಮೊನೆ ನೇರವಾಗಿ ಅದರ ಮೇಲೆ ಕುಳಿತರೆ ಅಂಚು ಮಡಚಿಕೊಳ್ಳುತ್ತದೆ. ನಡುವೆ ಒಂದು ಹಿತ್ತಾಳೆಯ ಬಿಲ್ಲೆಯಿಟ್ಟು, ಸ್ವಲ್ಪ ಬಿಗಿ ಮಾಡಿ, ಮೂರು ದಿನ ಡೀಸೆಲ್ ಹನಿಸುತ್ತ ಬಿಟ್ಟೆ. ನಾಲ್ಕನೆಯ ದಿನ ಬೆಳಗ್ಗೆ ಹಬ್ಬಿನ ಬದಿಗೆ ಮರದ ಸುತ್ತಿಗೆಯಿಂದ ಎರಡು ಏಟು ಕೊಟ್ಟಾಗ ಚಕ್ರ ಟಕ್ಕೆಂದು ಬಿಟ್ಟುಕೊಂಡಿತು.

ಒಳಗೆ ಕಂಡದ್ದನ್ನು ನೋಡಿ ಬೇಸರವಾಯಿತು. ಕೆಳಗಿದ್ದ ಸ್ಪ್ರಿಂಗು ಗಾಡಿಯದ್ದೇ ಆಗಿರಲಿಲ್ಲ. ಯಾವುದೋ ಸೈಕಲ್ಲಿನ ಭಾಗದಿಂದ ಕತ್ತರಿಸಿ ಹಾಕಿದ ತುಂಡು, ಒಂದು ತುದಿ ಸಮತಟ್ಟಾಗಿಯೂ ಇರಲಿಲ್ಲ. ವಾಷರುಗಳನ್ನು ಸೇರಿಸಿದಾಗ ಅದರ ಸುತ್ತುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಸ್ಪ್ರಿಂಗು ಕೊಳವೆಯ ತುಂಡಿನಂತಾಗಿತ್ತು. ಹಾಗೆ ಕಟ್ಟಿಕೊಂಡ ಸ್ಪ್ರಿಂಗಿಗೆ ಮಣಿಯುವ ಗುಣವಿರುವುದಿಲ್ಲ; ಲಿವರ್ ಹಲ್ಲನ್ನು ಏರಿ ಇಳಿಯಲು ಸರಳು ಕೊಂಚ ಮೇಲೇಳಬೇಕು, ಅದಕ್ಕೆ ಜಾಗವಿಲ್ಲದಾಗ ಲಿವರ್ ಹಲ್ಲುಗಳನ್ನೇ ಕೆರೆದುಕೊಂಡು ಓಡಾಡಿತ್ತು. ಮೂರನೆಯದರಿಂದ ಏಳನೆಯದರವರೆಗಿನ ಹಲ್ಲುಗಳು, ಅಂದರೆ ಗಾಡಿ ಶುರು ಮಾಡುವಾಗ ಮತ್ತು ಬಿಸಿ ಮಾಡುವಾಗ ದಿನಾ ಬಳಕೆಯಾಗುವ ಜಾಗ, ಬೆರಳಿಗೆ ಬರೀ ಅಲೆಯಂತೆ ತಾಗುತ್ತಿದ್ದವು. ಸರಳು ಹಾದುಬರುವ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಅದೇ ಜಾಗದಲ್ಲಿ ಸರಳು 0.4 ಮಿಲಿಮೀಟರ್ ತೆಳುವಾಗಿತ್ತು.

ಸವೆತಕ್ಕೆ ಮೂಲ ಕಾರಣ ಗ್ರೀಸು. ಯಾರೋ ಒಳ್ಳೆಯ ಮನಸ್ಸಿನಿಂದಲೇ ವರ್ಷ ವರ್ಷವೂ ಹಲ್ಲಿನ ಪಟ್ಟಿಗೆ ಗ್ರೀಸು ಹಚ್ಚಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಬೇಸಿಗೆ ಬಂದರೆ ಎರೆಮಣ್ಣಿನ ಧೂಳು, ಜೊತೆಗೆ ಸೇಡಂ, ಚಿತ್ತಾಪುರದ ಕಡೆ ಹೋದರೆ ಸುಣ್ಣಕಲ್ಲಿನ ಬಿಳಿ ಪುಡಿ. ಬಟ್ಟೆಯ ಮಾಡಿನ ಗಾಡಿಯೊಳಗೆ ಅದೆಲ್ಲ ಬಂದು ಗ್ರೀಸಿನಲ್ಲಿ ಕೂತರೆ ಅದು ವಾಲ್ವ್ ತಿಕ್ಕುವ ಪೇಸ್ಟಿನಂತೆಯೇ ಕೆಲಸ ಮಾಡುತ್ತದೆ. ಚಾಕುವಿನಿಂದ ಕೆರೆದು ತೆಗೆದ ಆ ಕಪ್ಪು ಮುದ್ದೆಯನ್ನು ಎರಡು ಬೆರಳುಗಳ ನಡುವೆ ಉಜ್ಜಿದಾಗ ಮರಳಿನ ಕಾಗದದಂತೆ ಚುರುಗುಟ್ಟಿತು.

ನಾನು ಹೆಚ್ಚು ಸಮಯ ಕೊಟ್ಟಿದ್ದು ಸ್ಪ್ರಿಂಗಿಗೆ. ವಿದೇಶದಿಂದ ತಯಾರಾದದ್ದನ್ನೇ ತರಿಸಬಹುದಿತ್ತು. ಆದರೆ ನನ್ನ ಗಾಡಿಯ ಪೆಡಲಿನ ಸ್ಪ್ರಿಂಗು ಸಹ ಮೂಲದ್ದಲ್ಲದಿರುವಾಗ, ಎಷ್ಟು ಬಲದ ಸ್ಪ್ರಿಂಗು ಬೇಕೆಂಬುದನ್ನು ಇಲ್ಲಿಯೇ ಲೆಕ್ಕ ಹಾಕಿ ಮಾಡಿಕೊಳ್ಳುವುದು ಸರಿಯೆನಿಸಿತು. ಒತ್ತು ಸ್ಪ್ರಿಂಗಿನ ಬಿಗಿತ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ, ಸುತ್ತಿನ ವ್ಯಾಸದ ಮೂರನೆಯ ಘಾತಕ್ಕೆ ಮತ್ತು ಸುತ್ತುಗಳ ಸಂಖ್ಯೆಗೆ ವಿಲೋಮವಾಗಿ ಇಳಿಯುತ್ತದೆ. ಸುತ್ತಿನ ಸರಾಸರಿ ವ್ಯಾಸ 12 ಮಿಲಿಮೀಟರ್, ಕೆಲಸ ಮಾಡುವ ಸುತ್ತುಗಳು 8 ಎಂದು ಇಟ್ಟುಕೊಂಡರೆ, 1.6 ಮಿಲಿಮೀಟರ್ ತಂತಿಯ ಸ್ಪ್ರಿಂಗು ಪ್ರತಿ ಮಿಲಿಮೀಟರಿಗೆ 4.7 ನ್ಯೂಟನ್ ಒತ್ತುತ್ತದೆ, 1.4 ಮಿಲಿಮೀಟರ್ ತಂತಿಯದ್ದಾದರೆ 2.8 ನ್ಯೂಟನ್ ಮಾತ್ರ. ದಪ್ಪದಲ್ಲಿ ಒಂದು ಮಿಲಿಮೀಟರಿನ ಹತ್ತರಲ್ಲಿ ಎರಡು ಭಾಗದ ವ್ಯತ್ಯಾಸ ಬಿಗಿತವನ್ನು 1.7 ಪಟ್ಟು ಏರಿಸುತ್ತದೆ. ಅಂಗಡಿಯ ಡಬ್ಬಿಯಲ್ಲಿ ಕಣ್ಣಂದಾಜಿನಿಂದ ಸ್ಪ್ರಿಂಗು ಆರಿಸಿ ಹಾಕುವುದು ಏಕೆ ಕೈಕೊಡುತ್ತದೆ ಎಂಬುದಕ್ಕೆ ಈ ಲೆಕ್ಕವೇ ಸಾಕು.

ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ಇಪ್ಪತ್ತು ವರ್ಷಗಳಿಂದ ಹೋಗುವ ಲೇತ್ ಅಂಗಡಿಯೊಂದಿದೆ. ಅಲ್ಲಿನ ಚಾಚಾ ಸ್ಪ್ರಿಂಗ್ ಸುತ್ತುವುದರಲ್ಲಿ ಪಳಗಿದ ಕೈ. ಗಟ್ಟಿ ಸ್ಪ್ರಿಂಗ್ ತಂತಿ ಸುತ್ತಿದ ಮೇಲೆ ಬಿಟ್ಟಾಗ ತುಸು ಹಿಗ್ಗುತ್ತದೆ; ಆದ್ದರಿಂದ ಒಳವ್ಯಾಸ 10.6 ಮಿಲಿಮೀಟರ್ ಬೇಕಿದ್ದರೆ ಸುತ್ತುವ ಕಂಬಿ 9 ಮಿಲಿಮೀಟರಿನದಿರಬೇಕು. ಮೊದಲು ಅವರು 1.6ರ ತಂತಿಯಲ್ಲಿ ಒಂದನ್ನು ಮಾಡಿಕೊಟ್ಟರು, ಏಕೆಂದರೆ ನನಗೆ ಹಿಡಿತ ಹೆಚ್ಚಾದರೆ ಒಳ್ಳೆಯದೆಂಬ ಭ್ರಮೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಹಳೆಯ ಸರಳಿಗೇ ತಾತ್ಕಾಲಿಕವಾಗಿ ಜೋಡಿಸಿ ನೋಡಿದರೆ ಲಿವರಿನ ತುದಿಯಲ್ಲಿ 1.9 ಕಿಲೋ ತೋರಿಸಿತು. ಹೆಬ್ಬೆರಳು ಮತ್ತು ತೋರುಬೆರಳು ಎರಡನ್ನೂ ಹಾಕಿ ಎಳೆಯಬೇಕಾಯಿತು. ಬೆರಳಿಗೆ ಹಲ್ಲಿನ ಎಣಿಕೆಯೇ ಸಿಗುತ್ತಿರಲಿಲ್ಲ, ಒಮ್ಮೆಗೆ ಮೂರು ಹಲ್ಲು ಹಾರಿ ಬೀಳುತ್ತಿತ್ತು. ಚಾಚಾ ಅದನ್ನು ನೋಡಿ, "ಸಾಹೇಬರೆ, ಲಿವರ್ ಕೈ ಮಾತು ಕೇಳ್ಬೇಕ್ರಿ, ಕೈಗಿ ಕುಸ್ತಿ ಹಚ್ಚಬಾರ್ದು" ಎಂದರು. 1.4ರ ತಂತಿಯಲ್ಲಿ ಎರಡು ಮಾಡಿಸಿದೆ, ಸ್ಪಾರ್ಕ್ ಲಿವರಿಗೂ ಒಂದಿರಲೆಂದು. ಎರಡೂ ತುದಿಯ ಸುತ್ತುಗಳನ್ನು ಮುಚ್ಚಿ, ಸಾಣೆಗೆ ಹಿಡಿದು ಸಮತಟ್ಟು ಮಾಡಿದರು. ಒತ್ತದಿರುವಾಗ ಉದ್ದ 32 ಮಿಲಿಮೀಟರ್, ಗಾಡಿಯಲ್ಲಿ ಕುಳಿತಾಗ 22, ಎಲ್ಲ ಸುತ್ತುಗಳೂ ಅಂಟಿಕೊಳ್ಳುವುದು 14ಕ್ಕೆ. ಹೀಗಾಗಿ ಇನ್ನೂ 8 ಮಿಲಿಮೀಟರ್ ಮಣಿಯುವ ಅವಕಾಶ ಉಳಿಯಿತು. ಮನೆಗೆ ತಂದು ಅಡುಗೆಮನೆಯ ಓವನ್ನಿನಲ್ಲಿ 230 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ತಾನಾಗಿ ಆರಲು ಬಿಟ್ಟೆ. ಸುತ್ತುವಾಗ ತಂತಿಯೊಳಗೆ ಸಿಕ್ಕಿಕೊಂಡ ಒತ್ತಡ ಇದರಿಂದ ಸಡಿಲಗೊಂಡು, ಸ್ಪ್ರಿಂಗು ಕಾಲಕ್ರಮದಲ್ಲಿ ಗಿಡ್ಡಾಗುವುದು ಕಡಿಮೆಯಾಗುತ್ತದೆ.

ಸರಳಿನ ಸವೆದ ಜಾಗಕ್ಕೆ ಹಿತ್ತಾಳೆಯ ಬೆಸುಗೆ ತುಂಬಿ ಲೇತಿನಲ್ಲಿ ಮೂಲ ಅಳತೆಗೆ ತಂದೆವು. ಬೆಸುಗೆಯ ಬಿಸಿಗೆ ಉದ್ದನೆಯ ಸರಳು ಬಾಗುವುದು ಖಚಿತವಾದ್ದರಿಂದ ಮನೆಯಲ್ಲಿ ನೇರ ಮಾಡಬೇಕಾಯಿತು. ಅದಕ್ಕೆ ಪಡಸಾಲೆಯ ಶಹಾಬಾದ್ ಫರಸಿಯೇ ನನ್ನ ಅಳತೆಯ ಮೇಜಾಯಿತು. ಚೆನ್ನಾಗಿ ನಯಗೊಂಡ ಫರಸಿಯ ಮೇಲೆ ಸರಳನ್ನು ಉರುಳಿಸುತ್ತ, ಬೆಳಕು ಇಣುಕುವ ಕಡೆ ಸಂದು ಅಳೆಯುವ ತೆಳು ಹಾಳೆಗಳ ಫೀಲರ್ ಗೇಜ್ ತೂರಿಸಿ ನೋಡುತ್ತ, ಮರದ ತುಂಡುಗಳ ಮೇಲಿಟ್ಟು ಅಂಗೈಯಿಂದ ಒತ್ತುತ್ತ, ಎರಡು ಸಂಜೆ ಕಳೆದ ಮೇಲೆ 0.2 ಮಿಲಿಮೀಟರಿನ ಹಾಳೆ ಎಲ್ಲಿಯೂ ತೂರದಂತಾಯಿತು. ಬಾಗಿದ ಸರಳು ತಿರುಗುವಾಗ ಒಂದು ಕಡೆ ಬಿಗಿ, ಒಂದು ಕಡೆ ಸಡಿಲವಾಗುತ್ತದೆ; ಅಂಥ ಸರಳಿಗೆ ಎಂಥ ಸ್ಪ್ರಿಂಗು ಹಾಕಿದರೂ ಹಿಡಿತ ಸಮನಾಗಿ ಬರುವುದಿಲ್ಲ.

ಮೊಟ್ಟೆಯಾಕಾರದ ತೂತನ್ನು ದುಂಡಗೆ ದೊಡ್ಡದು ಮಾಡಿ, ಸರಳು ತಿರುಗಲು ಗನ್‌ಮೆಟಲ್ ಲೋಹದ ಬುಷ್, ಅಂದರೆ ಸಣ್ಣ ಒಳಗೊಳವೆ, ಕೂರಿಸಲಾಯಿತು.

ಉಳಿದದ್ದು ಹಲ್ಲಿನ ಪಟ್ಟಿ. ಇದೇ ನನ್ನ ನಿದ್ದೆ ಕೆಡಿಸಿದ ಭಾಗ. ಪಟ್ಟಿ ಸ್ಟೀರಿಂಗ್ ಕಂಬದ ಹೊರಗೊಳವೆಯ ತಲೆಗೆ ಕೂಡಿಕೊಂಡಿರುವುದರಿಂದ ಬೆಸುಗೆ ತುಂಬಿ ಹೊಸ ಹಲ್ಲು ಕತ್ತರಿಸಲು ಹೋದರೆ ತೆಳು ಕೊಳವೆ ಡೊಂಕಾಗುತ್ತದೆ. ಅರದಿಂದ ಹಲ್ಲಿನ ತಳವನ್ನೇ ತುಸು ಆಳ ಮಾಡುವುದೊಂದೇ ದಾರಿ. ಆದರೆ ಆ ಅಂತರದಲ್ಲಿ, ಆ ಬಾಗಿನಲ್ಲಿ, ಎಲ್ಲ ಹಲ್ಲೂ ಒಂದೇ ಆಳಕ್ಕೆ ಬರುವಂತೆ ಅರ ಹಾಕುವ ಕೈ ನನ್ನದಲ್ಲ. ಆಗ ಬೀದರಿನ ಬಿದರಿ ಕೆಲಸದವರು ನೆನಪಾದರು. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಕೂದಲೆಳೆಯಷ್ಟು ಗೆರೆ ಕೊರೆದು ಬೆಳ್ಳಿಯ ತಂತಿ ಕೂರಿಸುವವರಿಗೆ ಈ ಕೆಲಸ ಅಸಾಧ್ಯವಾಗಲಾರದು ಎನ್ನಿಸಿತು.

ಕೊಳವೆಯನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು, 2017ರಲ್ಲಿ ಶುರುವಾದ ಬೀದರ–ಕಲಬುರಗಿ ಮಾರ್ಗದ ರೈಲಿನಲ್ಲಿ ಹುಮನಾಬಾದ್ ದಾಟಿ ಬೀದರ ತಲುಪಿದೆ. ಚೌಬಾರದ ಹತ್ತಿರದ ಓಣಿಯಲ್ಲಿ ಒಬ್ಬ ಕುಶಲಕರ್ಮಿ, ವಯಸ್ಸಿನಲ್ಲಿ ನನಗಿಂತ ಹಿರಿಯರು, ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇದು ಉಕ್ಕು, ನಮ್ಮ ಉಳಿಗಳು ಸತುವಿಗೆ ಹದ ಮಾಡಿದವು, ಇದರ ಮೇಲೆ ಮೊಂಡಾಗುತ್ತವೆ ಎಂದು ಮೊದಲು ಬೇಡವೆಂದರು. ನಾನು ಸೂಜಿಯಂಥ ಮೂರು ಮೂಲೆಯ ಅರಗಳನ್ನು ಜೊತೆಯಲ್ಲಿ ತಂದಿದ್ದೆ. ಅವನ್ನು ಮುಟ್ಟಿ ನೋಡಿ, "ಅರ ನಿಮ್ದು, ಕೈ ನಮ್ದು. ನಾಳಿ ಬರ್ರಿ" ಎಂದರು. ಅವರು ಮಾಡಿದ ಉಪಾಯ ನನಗೆ ಹೊಳೆದಿರಲಿಲ್ಲ. ಬಳಕೆಯಾಗದೆ ಚೂಪಾಗಿ ಉಳಿದಿದ್ದ ಕೊನೆಯ ಹಲ್ಲುಗಳ ಅಚ್ಚನ್ನು ಅರಗಿನಲ್ಲಿ ತೆಗೆದುಕೊಂಡು, ಸವೆದ ಪ್ರತಿ ಹಲ್ಲಿಗೂ ಆ ಅಚ್ಚನ್ನು ಕೂರಿಸಿ ನೋಡುತ್ತ ಅರ ಹಾಕಿದ್ದರು. ಗಾಡಿ ತಯಾರಾದಾಗಿನ ಆಕಾರವೇ ಅಳತೆಗೋಲಾಯಿತು. ಮರುದಿನ ಸಂಜೆ ಪಟ್ಟಿಯ ಮೇಲೆ ಉಗುರು ಎಳೆದರೆ ಮೊದಲ ಹಲ್ಲಿನಿಂದ ಕೊನೆಯವರೆಗೆ ಒಂದೇ ಲಯದ ಟಿಕ್ ಟಿಕ್. ಮಜೂರಿ ಕೇಳಿದಷ್ಟು ಕೊಟ್ಟೆ, ಅದು ಆ ಕೆಲಸಕ್ಕೆ ಕಡಿಮೆಯೇ.

ಕೆಳಗಿನ ಗುಂಡಿನ ಕೀಲುಗಳ ಕೆಲಸ ಇದಕ್ಕೆ ಹೋಲಿಸಿದರೆ ನೇರ. ಎರಡು ಗುಂಡುಗಳು ಒಂದು ಬದಿ ಚಪ್ಪಟೆಯಾಗಿದ್ದವು. ಅವನ್ನು ಚಾಚಾ ಹೊಸದಾಗಿ ಲೇತಿನಲ್ಲಿ ತೆಗೆದುಕೊಟ್ಟರು. ಬಟ್ಟಲಿನೊಳಗಿನ ಪುಟ್ಟ ಸ್ಪ್ರಿಂಗುಗಳನ್ನೂ ಬದಲಿಸಿದೆ. ಕಾರ್ಬ್ಯುರೇಟರಿನ ಥ್ರಾಟಲ್ ಶಾಫ್ಟು ಅಲುಗಾಡುತ್ತದೆಯೇ ಎಂದೂ ನೋಡಿದೆ, ಏಕೆಂದರೆ ಅಲ್ಲಿ ಸವೆತವಿದ್ದರೆ ಹೊರಗಾಳಿ ನುಗ್ಗಿ ಇಂಜಿನ್ನಿನ ನಿಧಾನಗತಿ ತಾನಾಗಿಯೇ ಏರಿಳಿದು, ದೋಷ ಲಿವರಿನದೆಂದು ತೋರುತ್ತದೆ. ಇಂಜಿನ್ ನಡೆಯುತ್ತಿರುವಾಗ ಶಾಫ್ಟಿನ ಬುಡಕ್ಕೆ ಎಣ್ಣೆ ಹನಿಸಿದರೂ ಸದ್ದು ಬದಲಾಗಲಿಲ್ಲ. ಅಲ್ಲಿ ಕೈ ಹಾಕದೆ ಬಿಟ್ಟೆ.

ಜೋಡಿಸುವಾಗ ಹಲ್ಲಿನ ಪಟ್ಟಿಗೆ ಗ್ರೀಸು ಹಚ್ಚಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಗ್ರ್ಯಾಫೈಟ್ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಳ್ಳಗೆ ಉಜ್ಜಿದೆ. ಬುಷ್ಷಿಗೆ ಎರಡು ಹನಿ ಎಣ್ಣೆ ಹಾಕಿ, ಹೊರಬಂದದ್ದನ್ನು ಒರೆಸಿದೆ. ಗ್ರೀಸನ್ನು ಕೆಳಗಿನ ಗುಂಡಿನ ಕೀಲುಗಳಿಗೆ ಮಾತ್ರ ಇಟ್ಟೆ. ಕೆಳಗೆ ಸ್ಪ್ರಿಂಗನ್ನು ಒತ್ತಿಹಿಡಿದು ಪಿನ್ ತೂರಿಸುವುದಕ್ಕೆ ಮೂರು ಕೈ ಬೇಕು. ಅಣ್ಣನ ಮಗಳು ಮೇಲೆ ಲಿವರನ್ನು ಹಲ್ಲಿಗೆ ಕೂರಿಸಿ ಹಿಡಿದಿರಲು, ನಾನು ಕೆಳಗೆ ಮಲಗಿ, ಒಂದು ಕೊಳವೆಯ ತುಂಡನ್ನು ಸೀಳಿ ಮಾಡಿಕೊಂಡ ಸಾಧನದಿಂದ ಸ್ಪ್ರಿಂಗನ್ನು ಒತ್ತಿ, ಪಿನ್ನನ್ನು ಇಕ್ಕಳದಿಂದ ತೂರಿಸಿದೆ.

ಕಡ್ಡಿಯ ಉದ್ದ ಹೊಂದಿಸುವುದರಲ್ಲಿ ಅವಸರ ಮಾಡಬಾರದು. ಲಿವರ್ ಪೂರ್ತಿ ಮೇಲಿರುವಾಗ ಕಾರ್ಬ್ಯುರೇಟರಿನ ಥ್ರಾಟಲ್ ತನ್ನ ತಡೆ ಸ್ಕ್ರೂವಿಗೆ ಬಂದು ತಾಗಲೇಬೇಕು. ಆಟವನ್ನು ಪೂರ್ತಿ ಇಲ್ಲವಾಗಿಸುವ ಆಸೆಗೆ ಕಡ್ಡಿಯನ್ನು ಎಳೆದು ಗಿಡ್ಡ ಮಾಡಿದರೆ ಥ್ರಾಟಲ್ ಕೊಂಚ ತೆರೆದೇ ಉಳಿಯುತ್ತದೆ. ಸ್ಟೀರಿಂಗ್ ಕಂಬ ಮತ್ತು ಇಂಜಿನ್ ಬೇರೆ ಬೇರೆಯಾಗಿ ಅದಿರುವುದರಿಂದ ಗಾಡಿ ಗುಂಡಿಗೆ ಬಿದ್ದಾಗಲೆಲ್ಲ ವೇಗ ತಾನಾಗಿ ಏರುತ್ತದೆ. ನಾನು ಲಿವರಿನ ತುದಿಯಲ್ಲಿ 3 ಮಿಲಿಮೀಟರ್ ಆಟವನ್ನು ಉದ್ದೇಶಪೂರ್ವಕವಾಗಿಯೇ ಉಳಿಸಿಕೊಂಡೆ.

ತಕ್ಕಡಿ ಮತ್ತೆ ಹಾಕಿದಾಗ 1020 ಗ್ರಾಮು. ಗುರಿಗಿಂತ ತುಸು ಹೆಚ್ಚು, ಆದರೆ ಗ್ರ್ಯಾಫೈಟ್ ಹೊಂದಿಕೊಂಡ ಮೇಲೆ ಇಳಿಯಬಹುದೆಂದು ಹಾಗೇ ಬಿಟ್ಟೆ. ಒಂದು ತೋರುಬೆರಳಿನಿಂದ ಮೇಲಕ್ಕೆ ತಳ್ಳಿದರೆ ಲಿವರ್ ಮುಚ್ಚುತ್ತದೆ, ಪ್ರತಿ ಹಲ್ಲೂ ಬೆರಳಿಗೆ ಎಣಿಕೆಗೆ ಸಿಗುತ್ತದೆ.

ಸ್ಪಾರ್ಕ್ ಲಿವರಿನ ಸ್ಪ್ರಿಂಗನ್ನೂ ಅದೇ ದಿನ ಬದಲಿಸಿದೆ. ಅದರ ಹಲ್ಲುಗಳು ಅಷ್ಟು ಸವೆದಿರಲಿಲ್ಲ, ಆದರೂ ಅದನ್ನು ಸಡಿಲ ಬಿಡುವುದು ಥ್ರಾಟಲಿಗಿಂತ ಕೆಟ್ಟದ್ದು. ಥ್ರಾಟಲ್ ಸರಿದರೆ ಇಂಜಿನ್ ನಿಲ್ಲುತ್ತದೆ, ಅಷ್ಟೆ. ಶುರು ಮಾಡುವ ಹೊತ್ತಿನಲ್ಲಿ ಸ್ಪಾರ್ಕ್ ಲಿವರ್ ಕೆಳಕ್ಕೆ ಜಾರಿದರೆ ಕಿಡಿ ಬೇಗ ಬಿದ್ದು ಇಂಜಿನ್ ಹಿಮ್ಮುಖವಾಗಿ ಒದೆಯುತ್ತದೆ. ಸ್ಟಾರ್ಟರನ್ನು ಇಂಜಿನ್ನಿಗೆ ಕೂಡಿಸುವ ಬೆಂಡಿಕ್ಸ್ ಎಂಬ ಭಾಗ ಮುರಿಯುತ್ತದೆ, ಕೈಯಿಂದ ಹ್ಯಾಂಡಲ್ ಹೊಡೆಯುತ್ತಿದ್ದರೆ ಮಣಿಕಟ್ಟೇ ಮುರಿಯಬಹುದು. ಮಾಡೆಲ್ ಎ ಇಟ್ಟುಕೊಂಡವರು ಒಂದು ಲಿವರ್ ಬಿಚ್ಚಿದಾಗ ಎರಡನ್ನೂ ನೋಡಿಬಿಡಬೇಕೆಂದು ನನ್ನ ಕಳಕಳಿಯ ವಿನಂತಿ.

ಮಾರ್ಚ್ ಮೊದಲ ವಾರ, ಬಿಸಿಲೇರುವ ಮುನ್ನ, ಪರೀಕ್ಷೆ ಮಾಡಿದೆವು. ಸ್ಪಾರ್ಕ್ ಮೇಲೆ, ಥ್ರಾಟಲ್ ನಾಲ್ಕು ಹಲ್ಲು ಕೆಳಗೆ. ಇಂಜಿನ್ ಎರಡನೆಯ ಸುತ್ತಿಗೇ ಹಿಡಿದುಕೊಂಡಿತು. ಸ್ಪಾರ್ಕನ್ನು ಕೆಳಗಿಳಿಸಿ, ಲಿವರ್ ನಿಂತ ಜಾಗದಲ್ಲಿ ಪಟ್ಟಿಯ ಮೇಲೆ ಸುಣ್ಣದ ಗೆರೆ ಎಳೆದು, ಇಪ್ಪತ್ತು ನಿಮಿಷ ಗಾಡಿಯನ್ನು ಅದರ ಪಾಡಿಗೆ ಬಿಟ್ಟೆ. ಆಮೇಲೆ ಆಳಂದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗಿಬಂದೆ. ಕೈ ಲಿವರ್ ಪೂರ್ತಿ ಮೇಲಿತ್ತು, ವೇಗವೆಲ್ಲ ಕಾಲಿನಲ್ಲಿ. ಕೈ ಥ್ರಾಟಲ್ ಹಾಕಿಕೊಂಡು ರಸ್ತೆಯಲ್ಲಿ ಓಡಿಸುವುದು ಹಿಂದಿನವರ ರೂಢಿಯಾಗಿದ್ದರೂ ಈಗಿನ ಸಂಚಾರದಲ್ಲಿ ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಕ್ಲಚ್ ಒತ್ತಿದ ಕ್ಷಣ ಇಂಜಿನ್ ಅರಚಿಕೊಳ್ಳುತ್ತದೆ, ಬ್ರೇಕಿನ ಕಡೆ ಹೋಗಬೇಕಾದ ಗಮನ ಲಿವರಿನ ಕಡೆ ಹೋಗುತ್ತದೆ.

ಮನೆಗೆ ಬಂದು ಇಂಜಿನ್ ಆರಿಸುವ ಮೊದಲು ಲಿವರನ್ನು ಮತ್ತೆ ಅದೇ ಸುಣ್ಣದ ಗೆರೆಗೆ ಎಳೆದಿಟ್ಟು, ಗಾಡಿಯಿಂದ ಇಳಿದು, ಗೇಟು ಮುಚ್ಚಿ, ಚಿಲಕ ಹಾಕಿ ಬಂದೆ. ಇಂಜಿನ್ ಅದೇ ಸದ್ದಿನಲ್ಲಿ ನಡೆಯುತ್ತಿತ್ತು. ಲಿವರ್ ಗೆರೆಯ ಮೇಲೆಯೇ ಇತ್ತು.